ವಿಮಾನ ಆಗ ಎಲ್ಲಿತ್ತು? ಮಿಲಿಟರಿ ಪೈಲಟ್ ತರಬೇತಿಯಲ್ಲಿ ಉಪಗ್ರಹ ಟ್ರ್ಯಾಕಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧ ವಿಮಾನದ ಪೈಲಟ್‌ಗಳು ಮಾತಾಡುವಾಗ ಅವರ ಕೈ ನೋಡಿ. ಒಂದು ಕೈ ನನ್ನ ವಿಮಾನ, ಇನ್ನೊಂದು ಕೈ ಅವನದು. ಎರಡೂ ಗಾಳಿಯಲ್ಲಿ ಸುತ್ತುತ್ತಿರುತ್ತವೆ. ಕೊನೆಗೆ ಗೆಲ್ಲುವುದು ಯಾವಾಗಲೂ ಕಥೆ ಹೇಳುತ್ತಿರುವವನ ಕೈ! ಈ ಕೈಕಥೆಯನ್ನು ನಿಜವಾದ ಗೆರೆಯಾಗಿ ಪರದೆಗೆ ತಂದಿದ್ದು ಉಪಗ್ರಹ ಟ್ರ್ಯಾಕಿಂಗ್. ಅದರ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಉಪಗ್ರಹ ಮೇಲಿನಿಂದ ವಿಮಾನವನ್ನು ನೋಡುತ್ತಾ ಇರುತ್ತಾ?

ಇಲ್ಲ. ಎಲ್ಲಕ್ಕಿಂತ ಜಾಸ್ತಿ ಜನ ತಪ್ಪು ತಿಳಿದುಕೊಂಡಿರುವುದು ಇದನ್ನೇ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ‘ಈಗ ಸಮಯ ಇಷ್ಟು, ನಾನು ಇಲ್ಲಿದ್ದೇನೆ’ ಅಂತ ರೇಡಿಯೋದಲ್ಲಿ ಹೇಳುತ್ತಲೇ ಇರುತ್ತವೆ, ಅಷ್ಟೇ. ಕೆಳಗೆ ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಅವಕ್ಕೆ ಗೊತ್ತೇ ಇರುವುದಿಲ್ಲ. ವಿಮಾನದಲ್ಲಿರುವ ರಿಸೀವರ್ ಕನಿಷ್ಠ 4 ಉಪಗ್ರಹಗಳ ಮಾತು ಕೇಳಿ, ಪ್ರತಿಯೊಂದರ ಸಿಗ್ನಲ್ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಲೆಕ್ಕ ಹಾಕಿ ತನ್ನ ಜಾಗ ತಾನೇ ಕಂಡುಕೊಳ್ಳುತ್ತದೆ. ಮೂರು ದಿಕ್ಕಿಗೆ ಮೂರು ಉಪಗ್ರಹ ಸಾಕಲ್ವಾ ಅಂತ ಕೇಳಬಹುದು. ನಾಲ್ಕನೆಯದು ಬೇಕಾಗುವುದು ರಿಸೀವರಿನ ಅಗ್ಗದ ಗಡಿಯಾರದ ತಪ್ಪನ್ನು ಸರಿ ಮಾಡಿಕೊಳ್ಳಲಿಕ್ಕೆ.

ಹಾಗಾದರೆ ನೆಲದಲ್ಲಿ ಕೂತವರಿಗೆ ವಿಮಾನ ಕಾಣುವುದು ಹೇಗೆ?

ವಿಮಾನವೇ ಹೇಳಬೇಕು. ರಿಸೀವರ್ ಕಂಡುಕೊಂಡ ಜಾಗವನ್ನು ಇನ್ನೊಂದು ರೇಡಿಯೋ ಕೆಳಕ್ಕೆ ಕಳಿಸುತ್ತದೆ. ಇದನ್ನು ಡೇಟಾಲಿಂಕ್ ಅನ್ನುತ್ತಾರೆ. ಯುದ್ಧ ವಿಮಾನಗಳಲ್ಲಿ ಸಾಮಾನ್ಯವಾಗಿ ಇದೆಲ್ಲ ಒಂದು ಪಾಡ್ ಒಳಗೆ ಇರುತ್ತದೆ. ಪಾಡ್ ಅಂದರೆ ರೆಕ್ಕೆಗೆ ನೇತು ಹಾಕುವ ಉದ್ದ ಕೊಳವೆ. ಇಂಥ ಎಷ್ಟೋ ಪಾಡ್‌ಗಳು ನೋಡಲು ಥೇಟ್ ಸೈಡ್‌ವೈಂಡರ್ ಕ್ಷಿಪಣಿಯ ಹಾಗೇ ಇರುತ್ತವೆ, ಸುಮಾರು 3 ಮೀಟರ್ ಉದ್ದ, ತೆಳ್ಳಗೆ. ಕ್ಷಿಪಣಿ ಕೂರುವ ಹಳಿಯಲ್ಲೇ ಇದೂ ಕೂರಬೇಕು ಅನ್ನುವುದೇ ಕಾರಣ. ಹಾಗಾಗಿ ವಿಮಾನವನ್ನು ಬಿಚ್ಚಿ ತಂತಿ ಎಳೆಯುವ ಗೋಳು ಇಲ್ಲ.

ಡೇಟಾಲಿಂಕ್‌ಗೆ ಒಂದು ಮಿತಿ ಇದೆ. ರೇಡಿಯೋ ನೇರ ಗೆರೆಯಲ್ಲಿ ಹೋಗುತ್ತದೆ, ಭೂಮಿ ಗುಂಡಗಿದೆ. 20,000 ಅಡಿಯಲ್ಲಿರುವ ವಿಮಾನ ಲೆಕ್ಕದ ಪ್ರಕಾರ 170 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿಲೋಮೀಟರ್) ದೂರದವರೆಗೂ ನೆಲದ ಆಂಟೆನಾಗೆ ಸಿಗುತ್ತದೆ. ಅದೇ ವಿಮಾನ 500 ಅಡಿಗೆ ಇಳಿದರೆ 27 ಮೈಲಿಗೇ ಮುಗಿಯಿತು, ನಡುವೆ ಬೆಟ್ಟ ಇದ್ದರೆ ಅದೂ ಇಲ್ಲ. ಹಾಗಾಗಿ ಪಾಡ್ ಎಲ್ಲವನ್ನೂ ತನ್ನೊಳಗೂ ಬರೆದಿಟ್ಟುಕೊಳ್ಳುತ್ತದೆ. ಲೈವ್ ಚಿತ್ರ ಕಡಿದು ಹೋದರೂ ಇಳಿದ ಮೇಲೆ ಪೂರ್ತಿ ದಾರಿ ಸಿಗುತ್ತದೆ.

ರಾಡಾರ್ ಇದೆಯಲ್ಲ, ಅದು ಸಾಲದಾ?

ವಿಮಾನ ನಿಲ್ದಾಣದ ರಾಡಾರ್ ಒಂದು ಸುತ್ತು ಸುತ್ತಲು ಸುಮಾರು 5 ಸೆಕೆಂಡ್ ಬೇಕು. ಈಗ ಲೆಕ್ಕ ಹಾಕಿ ನೋಡಿ. 350 ನಾಟ್ (ಗಂಟೆಗೆ ಸುಮಾರು 650 ಕಿಲೋಮೀಟರ್) ವೇಗದಲ್ಲಿ 4 ಜಿ (ಅಂದರೆ ಮೈ ತೂಕ ನಾಲ್ಕು ಪಟ್ಟು ಅನ್ನಿಸುವ ಸೆಳೆತ) ಎಳೆಯುತ್ತಾ ತಿರುಗುವ ವಿಮಾನ ಸೆಕೆಂಡಿಗೆ ಸುಮಾರು 12 ಡಿಗ್ರಿ ತಿರುಗುತ್ತದೆ. ರಾಡಾರ್ ಮತ್ತೆ ಇತ್ತ ತಿರುಗುವಷ್ಟರಲ್ಲಿ ವಿಮಾನ 60 ಡಿಗ್ರಿ ತಿರುಗಿ 900 ಮೀಟರ್ ಆಚೆ ಇರುತ್ತದೆ. ನಡುವೆ ಏನು ನಡೆಯಿತು? ರಾಡಾರಿಗೆ ಗೊತ್ತಿಲ್ಲ. ವಿಮಾನ ವಾಯುಪ್ರದೇಶದ ಗಡಿ ದಾಟಿತಾ ಅಂತ ನೋಡಲು ರಾಡಾರ್ ಚೆನ್ನಾಗಿದೆ, ಪೈಲಟ್ ಹೇಗೆ ಹಾರಿಸಿದ ಅಂತ ನೋಡಲಿಕ್ಕಲ್ಲ.

ಜಿಪಿಎಸ್ ಬರುವ ಮುಂಚೆ ಏನು ಮಾಡುತ್ತಿದ್ದರು?

ಬಹಳ ಕಾಲ ಬರೀ ಕೈಕಥೆ, ಗನ್ ಕ್ಯಾಮೆರಾ (ಗುಂಡು ಹಾರಿಸುವ ದಿಕ್ಕನ್ನು ಚಿತ್ರ ಹಿಡಿಯುವ ಕ್ಯಾಮೆರಾ), ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯುವ ಚೀಟಿ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಕ್ಷಿಪಣಿಗಳು ಗುರಿ ತಪ್ಪುತ್ತಿದ್ದುದು ಯಾಕೆ ಅಂತ ನೌಕಾಪಡೆ ತನಿಖೆ ಮಾಡಿಸಿತು. ಆ ತನಿಖೆ ನಡೆದಿದ್ದು 1968ರಲ್ಲಿ, ಮರುವರ್ಷವೇ ಟಾಪ್‌ಗನ್ ಅಂತ ಹೆಸರಾದ ಯುದ್ಧ ಪೈಲಟ್‌ಗಳ ಶಾಲೆ ಶುರುವಾಯಿತು. ಪೈಲಟ್‌ಗಳು ಕ್ಷಿಪಣಿಯ ಮಿತಿಯ ಹೊರಗಿಂದಲೇ ಗುಂಡಿ ಒತ್ತುತ್ತಿದ್ದರು, ಆದರೆ ಒಳಗೇ ಇದ್ದೆವು ಅಂತ ನಂಬಿದ್ದರು. ಇದನ್ನು ತೋರಿಸಿಕೊಡಲು ಅಳತೆ ಬೇಕಿತ್ತು. 1970ರ ದಶಕದಲ್ಲಿ ಮರುಭೂಮಿಯಲ್ಲಿ ಗೋಪುರ ನೆಟ್ಟು, ಪ್ರತಿ ಗೋಪುರದಿಂದ ವಿಮಾನದ ಪಾಡ್ ಎಷ್ಟು ದೂರ ಇದೆ ಅಂತ ಅಳೆದು, ದೊಡ್ಡ ಕಂಪ್ಯೂಟರಿನಲ್ಲಿ ಜಾಗ ಕಂಡುಹಿಡಿಯುವ ವ್ಯವಸ್ಥೆ ಬಂತು. ಚೆನ್ನಾಗೇ ಕೆಲಸ ಮಾಡಿತು. ಆದರೆ ಗೋಪುರ ಇರುವ ಕಡೆ ಮಾತ್ರ. ಸಮುದ್ರದ ಮೇಲೆ ಅಭ್ಯಾಸ ಮಾಡಬೇಕಾದರೆ ಗೋಪುರವನ್ನು ಎಲ್ಲಿ ನೆಡುತ್ತೀರಿ?

ಜಿಪಿಎಸ್ ಈ ಸರಪಳಿ ಕಡಿಯಿತು. ಗೋಪುರದ ಕೆಲಸವನ್ನು ಉಪಗ್ರಹ ಮಾಡುತ್ತದೆ ಅಂದಮೇಲೆ ಎಲ್ಲಿ ಬೇಕಾದರೂ ಅಭ್ಯಾಸ ಮಾಡಬಹುದು. ಜಿಪಿಎಸ್ ಪೂರ್ತಿ ಕೆಲಸಕ್ಕೆ ಬಂದಿದ್ದು 1995ರಲ್ಲಿ. ಆ ದಶಕದಲ್ಲೇ ಇಂಥ ಪಾಡ್‌ಗಳೂ ಬಂದವು.

ಇಳಿದ ಮೇಲೆ ಇದನ್ನು ನಿಜವಾಗಿ ಹೇಗೆ ಬಳಸುತ್ತಾರೆ?

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ. ಲೈವ್ ಪರದೆ ನೋಡಲು ಚೆಂದ, ಆದರೆ ಕಲಿಕೆ ನಡೆಯುವುದು ಡಿಬ್ರೀಫ್ ಕೋಣೆಯಲ್ಲಿ. ಡಿಬ್ರೀಫ್ ಅಂದರೆ ಇಳಿದ ಮೇಲೆ ಹಾರಾಟವನ್ನು ಕೂತು ವಿಮರ್ಶೆ ಮಾಡುವುದು. ಹಾರಾಟ ಒಂದು ಗಂಟೆಯದಾದರೆ ಅದರ ಡಿಬ್ರೀಫ್ ಮೂರು ಗಂಟೆ ಎಳೆಯಬಹುದು.

ಒಂದು ಉದಾಹರಣೆ ತೆಗೆದುಕೊಳ್ಳಿ. ಎರಡು ವಿಮಾನ ಎದುರುಬದುರಾಗಿ ಬಂದು, ಪಕ್ಕದಲ್ಲಿ ಹಾದು ಹೋಗಿ, ತಿರುಗಿ ಕಾದಾಡಬೇಕು. ಟ್ರೈನಿ ಸೋತ. ಕೇಳಿದರೆ ‘ಸರ್, ದಾಟಿದ ತಕ್ಷಣ ತಿರುಗಲು ಸ್ಟಿಕ್ ಎಳೆದೆ, ಆದರೂ ಹಿಂದೆ ಬಿದ್ದೆ’ ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನ ನೆನಪಿನಲ್ಲಿ ಇರುವುದೇ ಹಾಗೆ. ಈಗ ಪಾಡ್ ಬರೆದಿಟ್ಟ ಫೈಲ್ ಹಾಕಿ, ಎರಡು ಗೆರೆ ಒಂದನ್ನೊಂದು ದಾಟುವ ಜಾಗದಲ್ಲಿ ನಿಲ್ಲಿಸಿ, ಒಂದೊಂದೇ ಸೆಕೆಂಡ್ ಮುಂದೆ ತಳ್ಳಿ. ಒಂದು ಸೆಕೆಂಡ್: ಎದುರಾಳಿಯ ಗೆರೆ ಆಗಲೇ ಬಾಗಿದೆ, ಟ್ರೈನಿಯದು ನೇರ. ಎರಡು: ಇನ್ನೂ ನೇರ. ಮೂರು: ಇನ್ನೂ ನೇರ, ರೆಕ್ಕೆ ಈಗಷ್ಟೇ ವಾಲುತ್ತಿದೆ. 350 ನಾಟ್‌ನಲ್ಲಿ ಆ ಮೂರು ಸೆಕೆಂಡ್ ಅಂದರೆ ಸುಮ್ನೆ ಮುಂದೆ ಓಡಿದ 540 ಮೀಟರ್, ಅಷ್ಟರಲ್ಲಿ ಎದುರಾಳಿ 36 ಡಿಗ್ರಿ ತಿರುಗಿ ಆಗಿದೆ. ‘ತಕ್ಷಣ’ ಅನ್ನುವ ಮಾತಿಗೆ ಈಗ ಅಳತೆ ಸಿಕ್ಕಿತು.

ಆದರೆ ಫೈಲ್ ಇಷ್ಟನ್ನೇ ಹೇಳುತ್ತದೆ. ಯಾಕೆ ತಡವಾಯಿತು? ಸೂರ್ಯ ಕಣ್ಣಿಗೆ ಹೊಡೆಯಿತಾ, ಎದುರಾಳಿ ಕಣ್ಣು ತಪ್ಪಿದನಾ, ಹೆದರಿಕೆಯಾ? ಅದನ್ನು ಕೇಳಿಯೇ ತಿಳಿಯಬೇಕು. ನನಗೆ ಇಷ್ಟವಾದ ಪದ್ಧತಿ ಒಂದಿದೆ. ಫೈಲ್ ತೆರೆಯುವ ಮುಂಚೆ ಟ್ರೈನಿ ಕೈಗೆ ಬಣ್ಣದ ಪೆನ್ ಕೊಟ್ಟು, ನೆನಪಿನಿಂದಲೇ ಇಡೀ ಕಾಳಗವನ್ನು ಬೋರ್ಡ್ ಮೇಲೆ ಬರೆಸುವುದು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡುವುದು. ಬೋರ್ಡಿಗೂ ಪರದೆಗೂ ಎಲ್ಲಿ ಹೊಂದುವುದಿಲ್ಲವೋ ಅಲ್ಲೇ ಪಾಠ ಇರುತ್ತದೆ. ಮೊದಲೇ ಫೈಲ್ ತೋರಿಸಿಬಿಟ್ಟರೆ ಟ್ರೈನಿ ‘ಹೌದು ಸರ್, ಹಾಗೇ ಆಯಿತು’ ಅಂತ ತಲೆಯಾಡಿಸುತ್ತಾನೆ, ಏನೂ ಕಲಿಯುವುದಿಲ್ಲ.

ಈಗಷ್ಟೇ ಹಾರಲು ಕಲಿಯುತ್ತಿರುವವರಿಗೆ ಇದರಿಂದ ಏನು ಪ್ರಯೋಜನ?

ತುಂಬಾ ಇದೆ. ಅವರಿಗೆ ಪಾಡ್ ಬೇಕಾಗಿಯೂ ಇಲ್ಲ. ಪ್ರೊಪೆಲರ್ ಟ್ರೈನರ್‌ನಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ರೆಕಾರ್ಡರ್ ಸಾಕು.

ಸರ್ಕ್ಯೂಟ್ ತೆಗೆದುಕೊಳ್ಳಿ, ಅಂದರೆ ರನ್‌ವೇ ಸುತ್ತ ಆಯತಾಕಾರದಲ್ಲಿ ಸುತ್ತಿ ಬಂದು ಇಳಿಯುವುದು. ಅಡ್ಡಗಾಳಿ 15 ನಾಟ್ ಇದ್ದು ವಿಮಾನವನ್ನು ರನ್‌ವೇ ಕಡೆ ತಳ್ಳುತ್ತಿದೆ ಅನ್ನಿ. ಟ್ರೈನಿ ಅದಕ್ಕೆ ಮೂತಿ ತಿರುಗಿಸಿ ಸರಿದೂಗಿಸದೆ ಹೋದರೆ 45 ಸೆಕೆಂಡಿನಲ್ಲಿ ಸುಮಾರು 350 ಮೀಟರ್ ಒಳಕ್ಕೆ ಸರಿದಿರುತ್ತಾನೆ. ಕೊನೆಯ ತಿರುವಿಗೆ ಜಾಗವೇ ಸಾಲದು. ವಿಮಾನ ರನ್‌ವೇ ಗೆರೆ ದಾಟಿ ಆಚೆ ಹೋಗುತ್ತದೆ, ಅವನು ಗಾಬರಿಯಿಂದ ರಡರ್ (ಬಾಲದ ಚುಕ್ಕಾಣಿ) ಒತ್ತುತ್ತಾನೆ. ಕಡಿಮೆ ಎತ್ತರದಲ್ಲಿ, ಕಡಿಮೆ ವೇಗದಲ್ಲಿ ಹೀಗೆ ಮಾಡಿಯೇ ಎಷ್ಟೋ ವಿಮಾನಗಳು ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡು, ಬಿದ್ದಿವೆ. ಟ್ರೈನಿಗೆ ನೆನಪಿರುವುದು ಕೊನೆಯ ತಿರುವಿನ ಗಾಬರಿ ಮಾತ್ರ. ಟ್ರ್ಯಾಕ್ ನೋಡಿದರೆ ತಪ್ಪು ಶುರುವಾಗಿದ್ದು ಒಂದು ನಿಮಿಷ ಹಿಂದೆ, ಗೆರೆ ಮೆಲ್ಲಗೆ ಒಳಕ್ಕೆ ವಾಲುವಾಗ.

ಕಡಿಮೆ ಎತ್ತರದ ನ್ಯಾವಿಗೇಷನ್ ಕಲಿಸುವಾಗಲೂ ಹೀಗೇ. 420 ನಾಟ್ ಅಂದರೆ ನಿಮಿಷಕ್ಕೆ 7 ಮೈಲಿ. ದಿಕ್ಕು ಬರೀ 3 ಡಿಗ್ರಿ ತಪ್ಪಿದರೂ 20 ಮೈಲಿ ಹೋಗುವಷ್ಟರಲ್ಲಿ 1 ಮೈಲಿ ಪಕ್ಕಕ್ಕೆ ಹೋಗಿರುತ್ತೀರಿ. ನೀವು ಹುಡುಕುತ್ತಿರುವ ಸೇತುವೆ ಕಾಣುವುದಿಲ್ಲ, ಇನ್ಯಾವುದೋ ಸೇತುವೆ ಕಾಣುತ್ತದೆ, ಅದನ್ನೇ ಇದು ಅಂದುಕೊಳ್ಳುತ್ತೀರಿ. ಅಲ್ಲಿಂದ ಮುಂದಿನ ಗೆರೆ ನೋಡಿದರೆ ನಗು ಬರುತ್ತದೆ, ಆದರೆ ಒಳಗೆ ಕೂತಿದ್ದವನಿಗೆ ನಗು ಬಂದಿರುವುದಿಲ್ಲ.

ಜಿಪಿಎಸ್ ಇದ್ದೂ ಟ್ರೈನಿಗೆ ಅದನ್ನು ಯಾಕೆ ತೋರಿಸುವುದಿಲ್ಲ?

ನಕ್ಷೆ, ಗಡಿಯಾರ, ದಿಕ್ಸೂಚಿ ಇಷ್ಟರಲ್ಲೇ ದಾರಿ ಹಿಡಿಯಲು ಬರಬೇಕು ಅಂತ. ರೆಕಾರ್ಡರ್ ಬರೆದುಕೊಳ್ಳುತ್ತಿರುತ್ತದೆ, ಟ್ರೈನಿಯ ಪರದೆ ಮುಚ್ಚಿರುತ್ತದೆ. ಕ್ರೂರ ಅನ್ನಿಸಬಹುದು, ಆದರೆ ಯುದ್ಧದಲ್ಲಿ ಮೊದಲು ಕೈಕೊಡುವುದು ಜಿಪಿಎಸ್ಸೇ. ಜಾಮಿಂಗ್, ಅಂದರೆ ಬೇರೆ ರೇಡಿಯೋದಿಂದ ಸಿಗ್ನಲ್ ಮುಳುಗಿಸುವುದು, ಅದರ ಪ್ರಶ್ನೆ ಕೆಳಗಿದೆ, ನೋಡಿ.

ಎಷ್ಟು ನಿಖರ?

ಬಯಲಿನಲ್ಲಿ ಸಾಮಾನ್ಯ ರಿಸೀವರ್ ಕೂಡ ಕೆಲವೇ ಮೀಟರ್ ಒಳಗೆ ಜಾಗ ಹೇಳುತ್ತದೆ. ಮುಂಚೆ ಹೀಗಿರಲಿಲ್ಲ. ಅಮೆರಿಕ ನಾಗರಿಕರ ಸಿಗ್ನಲ್‌ಗೆ ಬೇಕೆಂದೇ ತಪ್ಪು ಬೆರೆಸುತ್ತಿತ್ತು, ಸುಮಾರು 100 ಮೀಟರ್‌ವರೆಗೂ ಹೆಚ್ಚುಕಡಿಮೆ ಆಗುತ್ತಿತ್ತು. 2000ನೇ ಇಸವಿ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು.

ತರಬೇತಿಯಲ್ಲಿ ನಿಜವಾಗಿ ತಲೆನೋವು ಕೊಡುವುದು ಮೀಟರ್ ಅಲ್ಲ, ಸೆಕೆಂಡ್. ರೆಕಾರ್ಡರ್ ಸೆಕೆಂಡಿಗೆ ಒಂದೇ ಸಲ ಬರೆದುಕೊಂಡರೆ 350 ನಾಟ್ ವೇಗದಲ್ಲಿ ಎರಡು ಚುಕ್ಕಿಗಳ ನಡುವೆ 180 ಮೀಟರ್ ಖಾಲಿ. ಎದುರುಬದುರು ಬರುವ ಎರಡು ವಿಮಾನಗಳ ನಡುವಿನ ದೂರ ಸೆಕೆಂಡಿಗೆ 360 ಮೀಟರ್ ಕರಗುತ್ತದೆ. ಅಮೆರಿಕದ ತರಬೇತಿ ನಿಯಮದಲ್ಲಿ ಪ್ರತಿ ವಿಮಾನದ ಸುತ್ತ 500 ಅಡಿಯ ಗುಳ್ಳೆ ಇದೆ ಅಂತ ಭಾವಿಸಿಕೊಳ್ಳಬೇಕು, ಅದರೊಳಗೆ ಯಾರೂ ನುಗ್ಗುವ ಹಾಗಿಲ್ಲ. 500 ಅಡಿ ಅಂದರೆ ಸುಮಾರು 150 ಮೀಟರ್. ಹಾಗಾದರೆ ಗುಳ್ಳೆ ಒಡೆದ ಕ್ಷಣ ಎರಡು ಚುಕ್ಕಿಗಳ ನಡುವಿನ ಖಾಲಿಯಲ್ಲೇ ಮಾಯವಾಗಿಬಿಡಬಹುದು. ಅದಕ್ಕೇ ಒಳ್ಳೆಯ ವ್ಯವಸ್ಥೆಗಳು ಸೆಕೆಂಡಿಗೆ ಹತ್ತಾರು ಸಲ ಬರೆದುಕೊಳ್ಳುತ್ತವೆ.

ಇನ್ನೊಂದು ಸಮಾಧಾನ. ಒಂದೇ ಆಕಾಶದಲ್ಲಿ ಹಾರುವ ಎರಡು ವಿಮಾನಗಳ ಜಿಪಿಎಸ್ ತಪ್ಪು ಹೆಚ್ಚುಕಡಿಮೆ ಒಂದೇ ಕಡೆಗೆ ಇರುತ್ತದೆ. ಇಬ್ಬರೂ 4 ಮೀಟರ್ ಪೂರ್ವಕ್ಕೆ ಸರಿದಂತೆ ಕಂಡರೆ ಅವರಿಬ್ಬರ ನಡುವಿನ ದೂರ ಕೆಡುವುದಿಲ್ಲ ಅಲ್ವಾ?

ಟ್ರ್ಯಾಕ್ ತೋರಿಸುವ ಎತ್ತರ ಆಲ್ಟಿಮೀಟರ್ ಜೊತೆ ಹೊಂದುವುದೇ ಇಲ್ಲ. ಯಾವುದು ಸರಿ?

ಎರಡೂ ಸರಿ, ಎರಡೂ ಬೇರೆ ಬೇರೆಯದನ್ನು ಅಳೆಯುತ್ತವೆ. ಆಲ್ಟಿಮೀಟರ್ ಅಂದರೆ ವಿಮಾನದೊಳಗಿನ ಎತ್ತರ ತೋರಿಸುವ ಮೀಟರ್, ಅದು ಅಳೆಯುವುದು ಗಾಳಿಯ ಒತ್ತಡ. ಬಿಸಿಲು ಜಾಸ್ತಿಯಾದರೆ ಗಾಳಿ ಹಿಗ್ಗುತ್ತದೆ, ಆಗ ನೀವು ಆಲ್ಟಿಮೀಟರ್ ತೋರಿಸುವುದಕ್ಕಿಂತ ನಿಜವಾಗಿ ಮೇಲಿರುತ್ತೀರಿ. ಪ್ರಮಾಣಿತ ತಾಪಮಾನಕ್ಕಿಂತ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿಗೆ ಸುಮಾರು 4 ಶೇಕಡ ವ್ಯತ್ಯಾಸ. ಅಂದರೆ 20 ಡಿಗ್ರಿ ಹೆಚ್ಚು ಬಿಸಿ ಇದ್ದ ದಿನ ಆಲ್ಟಿಮೀಟರ್ 10,000 ಅಡಿ ಅಂದರೆ ಜಿಪಿಎಸ್ 10,800ರ ಹತ್ತಿರ ಹೇಳಬಹುದು. ಇದರ ಮೇಲೆ ಇನ್ನೊಂದು ಎಡವಟ್ಟು: ಜಿಪಿಎಸ್ ಮೂಲದಲ್ಲಿ ಅಳೆಯುವುದು ಗಣಿತದ ನುಣುಪಾದ ಭೂಮಿಯಿಂದ, ಸಮುದ್ರ ಮಟ್ಟದಿಂದಲ್ಲ. ಇವೆರಡರ ನಡುವೆ ಕೆಲವು ಕಡೆ 100 ಮೀಟರ್‌ವರೆಗೂ ಅಂತರ ಇದೆ. ಸಾಫ್ಟ್‌ವೇರ್ ಅದನ್ನು ಸರಿಪಡಿಸಿದೆಯಾ ಅಂತ ಮೊದಲು ನೋಡಿಕೊಳ್ಳಿ.

ಆಕಾಶದಲ್ಲಿ ಎಲ್ಲರೂ ಆಲ್ಟಿಮೀಟರ್ ನೋಡಿಯೇ ಹಾರುತ್ತಾರೆ. ಹಾಗಾಗಿ ‘ನೀನು 300 ಅಡಿ ಮೇಲೆ ಹೋದೆ’ ಅಂತ ಜಿಪಿಎಸ್ ಎತ್ತರ ಹಿಡಿದುಕೊಂಡು ಟ್ರೈನಿಯನ್ನು ಬೈಯುವುದು ಅನ್ಯಾಯ.

ವೇಗ, ಜಿ ಎಲ್ಲ ಇದರಲ್ಲೇ ಸಿಗುತ್ತಾ?

ಜಿಪಿಎಸ್ ಕೊಡುವುದು ನೆಲದ ಮೇಲಿನ ವೇಗ. ರೆಕ್ಕೆಗೆ ಬೇಕಾಗಿರುವುದು ಗಾಳಿಯೊಳಗಿನ ವೇಗ. 40 ನಾಟ್ ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ಲೆಕ್ಕ ಪೂರ್ತಿ ಕೆಡುತ್ತದೆ. ತಿರುವಿನ ಬಾಗು ನೋಡಿ ಜಿ ಎಷ್ಟು ಅಂತ ಅಂದಾಜು ಮಾಡಬಹುದು. ಆದರೆ ಗಾಳಿಗೆ ರೆಕ್ಕೆ ಎಷ್ಟು ಕೋನದಲ್ಲಿತ್ತು, ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿ) ಎಲ್ಲಿತ್ತು ಅನ್ನುವುದೆಲ್ಲ ವಿಮಾನದ ಸ್ವಂತ ಸೆನ್ಸರ್‌ಗಳಿಂದಲೇ ಬರಬೇಕು.

ತಲೆಕೆಳಗಾಗಿ ಹಾರುವಾಗ ಸಿಗ್ನಲ್ ಸಿಗುತ್ತಾ?

ಕಷ್ಟ. ಆಂಟೆನಾ ಬೆನ್ನಿನ ಮೇಲಿದ್ದರೆ ವಿಮಾನ ಮಗುಚಿದಾಗ ಅದು ನೆಲ ನೋಡುತ್ತಿರುತ್ತದೆ. ಮಗುಚುವುದೇ ಬೇಡ, ಒಂದೇ ಎತ್ತರದಲ್ಲಿ 4 ಜಿ ತಿರುವು ಅಂದರೂ ರೆಕ್ಕೆ 75 ಡಿಗ್ರಿ ವಾಲಿರುತ್ತದೆ, ಅರ್ಧ ಆಕಾಶ ಮರೆ. ಬರೀ ಜಿಪಿಎಸ್ ನಂಬಿದ ಅಗ್ಗದ ರೆಕಾರ್ಡರ್‌ನಲ್ಲಿ ಲೂಪ್ ಹೊಡೆದರೆ ಆಮೇಲೆ ಪರದೆಯಲ್ಲಿ ವಿಮಾನ ಮಂತ್ರ ಹಾಕಿದ ಹಾಗೆ ಇಲ್ಲಿ ಮಾಯವಾಗಿ ಅಲ್ಲಿ ಎದ್ದು ಬರುತ್ತದೆ.

ಇದಕ್ಕೆ ಮದ್ದು ಇನರ್ಷಿಯಲ್ ವ್ಯವಸ್ಥೆ. ತಿರುಗಿದ್ದನ್ನು ಅಳೆಯುವ ಜೈರೋ ಮತ್ತು ವೇಗೋತ್ಕರ್ಷ (ವೇಗ ಬದಲಾಗುವ ಪರಿ) ಅಳೆಯುವ ಸಾಧನ ಸೇರಿ, ಹೊರಗಿನ ಸಹಾಯ ಇಲ್ಲದೆ ‘ಇಷ್ಟು ತಿರುಗಿದೆ, ಇಷ್ಟು ಸರಿದೆ’ ಅಂತ ಲೆಕ್ಕ ಇಡುತ್ತವೆ. ಒಳ್ಳೆಯ ಇನರ್ಷಿಯಲ್ ಕೂಡ ಗಂಟೆಗೆ ಸುಮಾರು 1 ನಾಟಿಕಲ್ ಮೈಲಿ ದಾರಿ ತಪ್ಪುತ್ತದೆ, ಆದರೆ ಕೆಲವು ಸೆಕೆಂಡ್‌ಗಳ ಮಟ್ಟಿಗೆ ಬಹಳ ನಂಬಿಕಸ್ಥ. ಜಿಪಿಎಸ್ ಇದಕ್ಕೆ ಉಲ್ಟಾ: ದೀರ್ಘಕಾಲಕ್ಕೆ ಗಟ್ಟಿ, ಕ್ಷಣಕ್ಷಣಕ್ಕೆ ಚಂಚಲ. ಎರಡನ್ನೂ ಜೋಡಿಸಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ನಿಜವಾದ ಕ್ಷಿಪಣಿ ಬಿಡದೆ ಯಾರು ಗೆದ್ದರು ಅಂತ ಹೇಗೆ ಹೇಳುತ್ತಾರೆ?

ಪೈಲಟ್ ಗುಂಡಿ ಒತ್ತಿದ ಕ್ಷಣವೂ ದಾಖಲಾಗುತ್ತದೆ. ಆಗ ಎರಡೂ ವಿಮಾನಗಳು ಎಲ್ಲಿದ್ದವು, ಯಾವ ಕಡೆ, ಎಷ್ಟು ವೇಗ ಅನ್ನುವುದು ಗೊತ್ತು. ಕಂಪ್ಯೂಟರ್ ಒಂದು ಕಾಲ್ಪನಿಕ ಕ್ಷಿಪಣಿ ಬಿಟ್ಟು ಅದು ತಲುಪುತ್ತಿತ್ತಾ ಅಂತ ಲೆಕ್ಕ ಹಾಕುತ್ತದೆ. ಲೈವ್ ಲಿಂಕ್ ಇದ್ದರೆ ‘ನೀನು ಸತ್ತೆ, ಆಟದಿಂದ ಹೊರಗೆ ಹೋಗು’ ಅಂತ ಆಗಲೇ ಹೇಳಿಬಿಡಬಹುದು. ಸತ್ತವನು ಗೊತ್ತಿಲ್ಲದೆ ಇನ್ನೂ ಐದು ನಿಮಿಷ ಕಾದಾಡಿ ಎಲ್ಲರ ಅಭ್ಯಾಸ ಹಾಳು ಮಾಡುವುದು ತಪ್ಪುತ್ತದೆ.

ಎರಡು ಫೈಲ್ ಜೋಡಿಸಿದರೆ ಒಂದು ವಿಮಾನ ಎಷ್ಟೋ ದೂರದಲ್ಲಿ ಕಾಣುತ್ತದೆ. ಯಾಕೆ?

ಎರಡು ಫೈಲ್‌ಗಳ ಸಮಯದ ವ್ಯತ್ಯಾಸ ಸರಿಯಾಗಿ 18 ಸೆಕೆಂಡ್ ಇದೆಯಾ ನೋಡಿ. ಇದ್ದರೆ ಕಳ್ಳ ಸಿಕ್ಕಿದ. ಜಿಪಿಎಸ್ ಗಡಿಯಾರ ಲೀಪ್ ಸೆಕೆಂಡ್ (ಭೂಮಿಯ ತಿರುಗುವಿಕೆಗೆ ಹೊಂದಿಸಲು ವಿಶ್ವ ಸಮಯಕ್ಕೆ ಸೇರಿಸುವ ಸೆಕೆಂಡ್) ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ 2017ರಿಂದ ಅದು ವಿಶ್ವ ಸಮಯಕ್ಕಿಂತ 18 ಸೆಕೆಂಡ್ ಮುಂದಿದೆ. ಒಂದು ರೆಕಾರ್ಡರ್ ಆ ಸಮಯದಲ್ಲಿ, ಇನ್ನೊಂದು ಈ ಸಮಯದಲ್ಲಿ ಬರೆದಿದ್ದರೆ, 450 ನಾಟ್ ವೇಗಕ್ಕೆ 4 ಕಿಲೋಮೀಟರ್‌ಗೂ ಮೀರಿದ ಸುಳ್ಳು ದೂರ ಹುಟ್ಟುತ್ತದೆ. ಇನ್ನು ಫೈಲ್‌ನ ತಾರೀಕು ಸುಮಾರು 20 ವರ್ಷ ಹಿಂದಿನದಾಗಿದ್ದರೆ ಅದು ಬೇರೆ ರೋಗ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗಾದಾಗ ಎಷ್ಟೋ ಹಳೇ ರಿಸೀವರ್‌ಗಳು 1999ಕ್ಕೆ ಓಡಿಹೋದವು.

ಜಾಮಿಂಗ್ ಮಾಡಿದರೆ?

ಟ್ರ್ಯಾಕ್ ಕೆಡುತ್ತದೆ. ಅಷ್ಟು ದೂರದಿಂದ ಬರುವ ಸಿಗ್ನಲ್ ನೆಲಕ್ಕೆ ತಲುಪುವಷ್ಟರಲ್ಲಿ ಎಷ್ಟು ಕ್ಷೀಣವಾಗಿರುತ್ತದೆ ಅಂದರೆ ಹತ್ತಿರದ ಸಣ್ಣ ಟ್ರಾನ್ಸ್‌ಮಿಟರ್ ಕೂಡ ಅದನ್ನು ಮುಳುಗಿಸಬಲ್ಲದು. ಸ್ಪೂಫಿಂಗ್ ಇನ್ನೂ ಕೆಟ್ಟದ್ದು, ಅಲ್ಲಿ ಸುಳ್ಳು ಸಿಗ್ನಲ್ ಕೊಟ್ಟು ನಿಮ್ಮನ್ನು ಬೇರೆಲ್ಲೋ ಇದ್ದೀರಿ ಅಂತ ನಂಬಿಸುತ್ತಾರೆ. ಮಿಲಿಟರಿ ರಿಸೀವರ್‌ಗಳು ಗೂಢಲಿಪಿಯ ಸಿಗ್ನಲ್ ಬಳಸುವುದರಿಂದ ಅವಕ್ಕೆ ಸುಳ್ಳು ಹೇಳುವುದು ಕಷ್ಟ, ಆದರೆ ಬಾಯಿ ಮುಚ್ಚಿಸಲು ಸಾಧ್ಯ. ದೊಡ್ಡ ಅಭ್ಯಾಸಗಳಲ್ಲಿ ಬೇಕೆಂದೇ ಜಾಮ್ ಮಾಡಿ ಪೈಲಟ್‌ಗಳು ಏನು ಮಾಡುತ್ತಾರೆ ಅಂತ ನೋಡುವುದೂ ಉಂಟು.

ಇದು ಅಪಘಾತ ತಪ್ಪಿಸುತ್ತಾ?

ಟ್ರ್ಯಾಕಿಂಗ್ ತಾನಾಗಿ ಏನನ್ನೂ ತಪ್ಪಿಸುವುದಿಲ್ಲ. ನೆಲದಲ್ಲಿ ಪರದೆ ನೋಡುತ್ತಿರುವವರು ರೇಡಿಯೋದಲ್ಲಿ ಕೂಗಿ ಎಚ್ಚರಿಸಬಹುದು, ಆದರೆ ಅವರು ಕೂಗುವಷ್ಟರಲ್ಲಿ ಕಾಲ ಮಿಂಚಿರಬಹುದು. ವಿಮಾನವೇ ತನ್ನ ಜಾಗ ಮತ್ತು ನೆಲದ ನಕ್ಷೆ ಹೋಲಿಸಿ, ಪೈಲಟ್ ಏನೂ ಮಾಡದಿದ್ದರೆ ತಾನೇ ಮೇಲೇಳುವ ವ್ಯವಸ್ಥೆ ಬೇರೆ. ಅಮೆರಿಕದ ಎಫ್-16 ಯುದ್ಧ ವಿಮಾನದಲ್ಲಿ ಅದು 2014ರಿಂದ ಇದೆ. ತಿರುವಿನಲ್ಲಿ ಜಿ ತಡೆಯಲಾರದೆ ಪ್ರಜ್ಞೆ ತಪ್ಪಿದ ಒಬ್ಬ ಟ್ರೈನಿಯನ್ನು ಅದು ಉಳಿಸಿದ ವಿಡಿಯೋ 2016ರಲ್ಲಿ ಹೊರಬಂತು. ಮೂತಿ ಕೆಳಗೆ ಮಾಡಿ ಬೀಳುತ್ತಿರುವ ವಿಮಾನ, ಇನ್‌ಸ್ಟ್ರಕ್ಟರ್ ರೇಡಿಯೋದಲ್ಲಿ ಕೂಗುತ್ತಿರುವುದು, ಆಮೇಲೆ ವಿಮಾನ ತಾನಾಗಿ ಮಗ್ಗುಲು ಬದಲಿಸಿ ಮೇಲೇಳುವುದು. ಮೈ ಜುಮ್ಮೆನ್ನುತ್ತದೆ.

ಫ್ಲೈಟ್ ಟ್ರ್ಯಾಕಿಂಗ್ ವೆಬ್‌ಸೈಟ್‌ಗಳಲ್ಲಿ ಇವು ಕಾಣುತ್ತವಾ?

ಕೆಲವು ಸಲ. ತರಬೇತಿ ವಿಮಾನಗಳು ನಾಗರಿಕ ವಿಮಾನಗಳ ನಡುವೆ ಹಾರುವಾಗ ತಮ್ಮ ಜಾಗವನ್ನು ಬಹಿರಂಗವಾಗಿ ಪ್ರಸಾರ ಮಾಡಬಹುದು, ಅದನ್ನು ಯಾರು ಬೇಕಾದರೂ ಹಿಡಿಯಬಹುದು. ಪಾಡ್‌ನ ಡೇಟಾಲಿಂಕ್ ಮಾತ್ರ ಅಲ್ಲಿ ಕಾಣುವುದಿಲ್ಲ.

ಮೊಬೈಲ್‌ನಲ್ಲೇ ಒಂದು ಆ್ಯಪ್ ಹಾಕಿಕೊಂಡು ಹಾರಿದರೆ ಆಗಲ್ವಾ?

ಆಗುತ್ತದೆ, ಆದರೆ ಮಾಡಬೇಡಿ. ನಿಖರತೆ ಸಾಲದು ಅಂತಲ್ಲ. ಆ ಫೈಲ್ ಯಾವ ಸರ್ವರ್‌ಗೆ ಹೋಗುತ್ತದೆ ಅಂತ ನಿಮಗೆ ಗೊತ್ತಿರುವುದಿಲ್ಲ. 2017ರ ಕೊನೆಯಲ್ಲಿ ಸ್ಟ್ರಾವಾ ಅನ್ನುವ ಫಿಟ್‌ನೆಸ್ ಆ್ಯಪ್ ಪ್ರಕಟಿಸಿದ್ದ ನಕ್ಷೆಯಲ್ಲಿ ಸೈನಿಕರು ಬೆಳಗ್ಗೆ ಜಾಗಿಂಗ್ ಮಾಡಿದ ದಾರಿಗಳೆಲ್ಲ ಹೊಳೆಯುತ್ತಿದ್ದವು. ಮರುಭೂಮಿಯ ಕತ್ತಲಲ್ಲಿ ಸೇನಾ ನೆಲೆಗಳ ಆಕಾರ ಎದ್ದು ಕಾಣುತ್ತಿತ್ತು. ಅದು ಬರೀ ಓಟ. ನಿಮ್ಮ ಫೈಲ್‌ನಲ್ಲಿ ಯಾವ ವಿಮಾನ ಎಷ್ಟು ಬೇಗ ತಿರುಗುತ್ತದೆ, ಎಷ್ಟು ಕೆಳಗೆ ಹಾರುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಲ್ಲವೂ ಇರುತ್ತದೆ. ಇಲಾಖೆ ಕೊಟ್ಟ ರೆಕಾರ್ಡರ್ ಇದ್ದರೆ ಅದು, ಇಲ್ಲದಿದ್ದರೆ ಮೊಣಕಾಲ ಮೇಲಿನ ಚೀಟಿ ಮತ್ತು ಪೆನ್ಸಿಲ್. ಮೊಬೈಲ್ ಲಾಕರ್‌ನಲ್ಲಿರಲಿ.